ಗೋಕಟ್ಟೆ, ಗೆಡ್ಡಿಸ್ ಮತ್ತು ನಮ್ಮ 38 ಸೈಟು

ಹೋದ ಕಂತಿನಲ್ಲಿ ಆಫೀಸ್ ಕ್ಯಾಬ್ ಕಥೆ ಬರೆದಿದ್ದೆ. ಓದಿದ ಮೂರ್ನಾಲ್ಕು ಜನ ‘ಊರಿನ ಬಗ್ಗೆ ಬರೀರಿ’ ಅಂತ ಕೇಳಿದ್ರಿ. ಸರಿ, ಈ ಸಲ ಊರಿನದೇ ಕಥೆ. ಆದರೆ ಮಧ್ಯದಲ್ಲಿ ಸ್ಕಾಟ್ಲೆಂಡಿನ ಒಬ್ಬ ಗಡ್ಡದ ಮುದುಕ ಬರ್ತಾನೆ. ಸ್ವಲ್ಪ ಸಹಿಸ್ಕೊಳ್ಳಿ.

ಮೂರ್ನಾಲ್ಕು ತಿಂಗಳ ಹಿಂದೆ ಒಂದು ಶುಕ್ರವಾರ ರಾತ್ರಿ, ಯಶವಂತಪುರದಲ್ಲಿ ರೈಲು ಹತ್ತಿ ತಿಪಟೂರಿನಲ್ಲಿ ಇಳಿದು ಮನೆ ಸೇರೋ ಹೊತ್ತಿಗೆ ಹನ್ನೊಂದಾಗಿತ್ತು. ನಮ್ಮ ಮನೆ ಇರೋದು ತುರುವೇಕೆರೆ ರಸ್ತೆಯಲ್ಲಿ, ಪೇಟೆ ಮುಗಿದು ತೋಟ ಶುರುವಾಗೋ ಜಾಗದಲ್ಲಿ. ಅಂದರೆ ಹತ್ತು ವರ್ಷದ ಹಿಂದೆ ತೋಟ ಶುರುವಾಗ್ತಿದ್ದ ಜಾಗ. ಈಗ ಅಲ್ಲಿಂದ ಇನ್ನೂ ಒಂದು ಕಿಲೋಮೀಟರ್ ಮುಂದಕ್ಕೆ ಬರೀ ಕಲ್ಲುಕಂಬ, ‘ಸೈಟುಗಳು ಮಾರಾಟಕ್ಕಿವೆ’ ಬೋರ್ಡು. ಅಪ್ಪ ಎದ್ದೇ ಕೂತಿದ್ರು. ಊಟಕ್ಕೆ ಕೂತ ಮೇಲೆ ಮೆಲ್ಲಗೆ ಕೇಳಿದ್ರು.

“ಮಗ, ನಿನ್ನ ಲ್ಯಾಪ್‌ಟಾಪಲ್ಲಿ ಲೇಔಟ್ ನಕ್ಷೆ ಬರೆಯೋಕಾಯ್ತದಾ?”

ನಾನು ಓದಿದ್ದು ಸಿವಿಲ್, ಮಾಡ್ತಿರೋದು ಸಾಫ್ಟ್‌ವೇರ್. ನಮ್ಮ ಬ್ಯಾಚಿನಲ್ಲಿ ಅರ್ಧ ಜನರ ಹಣೆಬರಹ ಇದೇ. ಆದರೂ ಆಟೋಕ್ಯಾಡ್ ಮರೆತಿಲ್ಲ. “ಆಯ್ತದೆ, ಯಾರ ಲೇಔಟು?” ಅಂದೆ. ಅಪ್ಪ ಅನ್ನ ಕಲಸ್ತಾ, “ನಮ್ದೇ ಕಣೋ, ರಸ್ತೆ ಪಕ್ಕದ ಎರಡು ಎಕರೆ” ಅಂದ್ರು.

ಕಾರಣ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೂರು ಬೋರ್‌ವೆಲ್ ಕೊರೆಸಿದ್ದೀವಿ, ಎರಡರಲ್ಲಿ ಧೂಳು ಬಂತು. ತಂಗಿಯ ಓದಿಗೆ ಮಾಡಿದ ಸಾಲ ಬೇರೆ. ತೋಟ ಅಂತ ಹೆಸರಿಗಿದೆ. ಒಂದು ಸಲ ನುಸಿ ಪೀಡೆ, ಒಂದು ಸಲ ಕಪ್ಪುತಲೆ ಹುಳ, ನಡುವೆ ಕಾಂಡದಿಂದ ರಸ ಸೋರೋ ರೋಗ. ಅಟ್ಟದ ಮೇಲೆ ಕಾಯಿ ಹಾಕಿ ಹತ್ತು ಹನ್ನೊಂದು ತಿಂಗಳು ಕಾದು, ಸುಲಿಸಿ, ಮಂಡಿಗೆ ಹಾಕಿದ ದಿನವೇ ಕೊಬ್ಬರಿ ರೇಟು ಬಿದ್ದಿರುತ್ತೆ. ಕೊಬ್ಬರಿ ಬೆಳೆಗಾರರ ಮಕ್ಕಳಿಗೆ ಷೇರು ಮಾರ್ಕೆಟ್ ಯಾರೂ ಕಲಿಸಬೇಕಾಗಿಲ್ಲ.

ಶನಿವಾರ ಬೆಳಿಗ್ಗೆ ಕೂತೆ. ಸರ್ವೆ ಸ್ಕೆಚ್ ಸ್ಕ್ಯಾನ್ ಮಾಡಿ, ಗೂಗಲ್ ಉಪಗ್ರಹ ಚಿತ್ರದ ಮೇಲೆ ಕೂರಿಸಿ, ಎರಡು ಗಂಟೆಯಲ್ಲಿ ಮುಗಿಸಿದೆ. ನೇರ ರಸ್ತೆ, ಅದಕ್ಕೆ ಅಡ್ಡ ರಸ್ತೆ, ಪಾರ್ಕಿಗೆ ಮೂಲೆಯಲ್ಲೊಂದು ತುಂಡು, ಸಿ.ಎ. ಜಾಗ ಒಂದು ತುಂಡು. ಎಲ್ಲ ಬಿಟ್ಟು 30x40 ಅಳತೆಯ 38 ಸೈಟು. ಒಂದಿಂಚೂ ವೇಸ್ಟ್ ಇಲ್ಲ. ನನಗೆ ನಾನೇ ಶಭಾಷ್ ಹೇಳ್ಕೊಂಡು ಅಪ್ಪನ ವಾಟ್ಸಾಪಿಗೆ ಕಳಿಸಿದೆ. ಅವರು ಪಕ್ಕದ ರೂಮಲ್ಲೇ ಇದ್ರು. ಕನ್ನಡಕ ಹಾಕ್ಕೊಂಡು, ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದ್ರು.

“ಚೆನ್ನಾಗೈತೆ. ಗೋಕಟ್ಟೆ ಎಲ್ಲೋಯ್ತು?”

ಗೋಕಟ್ಟೆ ನನ್ನ ನಕ್ಷೆಯಲ್ಲಿ 31ರಿಂದ 35ರವರೆಗಿನ ಸೈಟು ಆಗಿತ್ತು.

“ಮಣ್ಣು ಹೊಡೆಸಿದ್ರಾಯ್ತು” ಅಂದೆ. ಅಪ್ಪ ಏನೂ ಅನ್ನಲಿಲ್ಲ. ಅವರು ಏನೂ ಅನ್ನದೇ ಇದ್ದರೆ ಅದಕ್ಕೆ ಅರ್ಥ ಇರುತ್ತೆ ಅಂತ ಮೂವತ್ತು ವರ್ಷದಲ್ಲಿ ಕಲಿತಿದ್ದೀನಿ.

ಭಾನುವಾರ ಸಂಜೆ ವಾಪಸ್ ರೈಲಿನಲ್ಲಿ ಆ ಮೌನ ಕೊರೀತಿತ್ತು. ಯಾಕೋ ಫೈನಲ್ ಇಯರ್‌ನ ಟೌನ್ ಪ್ಲಾನಿಂಗ್ ಕ್ಲಾಸು ನೆನಪಾಯ್ತು. ಅದರಲ್ಲಿ ಒಂದೇ ಒಂದು ಸ್ಲೈಡಿನಲ್ಲಿ ಬಂದು ಹೋದ ಹೆಸರು: ಪ್ಯಾಟ್ರಿಕ್ ಗೆಡ್ಡಿಸ್. ಎರಡು ಮಾರ್ಕಿನ ಪ್ರಶ್ನೆ ಅಷ್ಟೆ. ಫೋನಿನಲ್ಲಿ ಹುಡುಕಿದೆ. ಆತ ಭಾರತದ ಊರುಗಳ ಬಗ್ಗೆ ಬರೆದ ವರದಿಗಳಿಂದ ಆಯ್ದ ಭಾಗಗಳನ್ನ ಜಾಕ್ವೆಲಿನ್ ಟಿರ್‌ವಿಟ್ ಎಂಬಾಕೆ 1947ರಲ್ಲಿ ಪುಸ್ತಕ ಮಾಡಿದ್ದಾರೆ. ಅಮ್ಮಸಂದ್ರ ದಾಟೋ ಹೊತ್ತಿಗೆ ಓದೋಕೆ ಶುರು ಮಾಡಿದವನು ಯಶವಂತಪುರದಲ್ಲಿ ಇಳಿಯೋದು ಮರೆಯೋದರಲ್ಲಿದ್ದೆ.

ಗೆಡ್ಡಿಸ್ ಹುಟ್ಟಿದ್ದು 1854ರಲ್ಲಿ, ಸ್ಕಾಟ್ಲೆಂಡಿನ ಬ್ಯಾಲಟರ್ ಅನ್ನೋ ಸಣ್ಣ ಊರಿನಲ್ಲಿ. ಬೆಳೆದಿದ್ದು ಪರ್ತ್ ಪಟ್ಟಣದ ಪಕ್ಕದ ಗುಡ್ಡದ ಮೇಲಿನ ಮನೆಯಲ್ಲಿ. ಅಪ್ಪ ಸೈನ್ಯದಲ್ಲಿದ್ದವರು. ರಿಟೈರ್ ಆದ ಮೇಲೆ ಮಗನನ್ನ ಕರ್ಕೊಂಡು ಕೈತೋಟದಲ್ಲಿ ಆಲೂಗೆಡ್ಡೆ ನೆಡೋದು, ಗುಡ್ಡ ಸುತ್ತೋದು. (ಇದನ್ನ ಅಮ್ಮನಿಗೆ ಫೋನಲ್ಲಿ ಹೇಳಿದಾಗ, “ಅದಕ್ಕೇ ಗೆಡ್ಡೆ ಅಂತ ಹೆಸರಿಟ್ರಾ?” ಅಂತ ಕೇಳಿದಳು. ಅವತ್ತಿಂದ ನಮ್ಮ ಮನೆಯಲ್ಲಿ ಆತ ‘ಗೆಡ್ಡೆ ಸಾಹೇಬ’.) ಲಂಡನ್ನಿನಲ್ಲಿ ಹಕ್ಸ್‌ಲಿ ಹತ್ತಿರ ಜೀವಶಾಸ್ತ್ರ ಕಲಿತ. ಡಿಗ್ರಿ ಮಾತ್ರ ತಗೊಳ್ಳಲೇ ಇಲ್ಲ. ಆದರೂ 1888ರಿಂದ ಮೂವತ್ತು ವರ್ಷ ಡಂಡೀಯಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್. ಲಿಂಕ್ಡ್‌ಇನ್‌ನಲ್ಲಿ ಇವತ್ತು ಯಾರೂ ಇಂಟರ್‌ವ್ಯೂಗೆ ಕರೆಯಲ್ಲ.

1879ರಲ್ಲಿ ಮೆಕ್ಸಿಕೋಗೆ ಹೋಗಿದ್ದಾಗ ಕಣ್ಣಿಗೆ ತೊಂದರೆಯಾಗಿ, ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಇರಬೇಕಾಯ್ತು. ಮೈಕ್ರೋಸ್ಕೋಪೇ ಜೀವನ ಅಂದ್ಕೊಂಡಿದ್ದವನಿಗೆ ಆ ದಾರಿ ಅರ್ಧ ಮುಚ್ಚಿಹೋಯ್ತು. ಕತ್ತಲಲ್ಲಿ ಕೂತು ಕಾಗದ ಮಡಚಿ ಮಡಚಿ ಚೌಕಗಳನ್ನ ಮಾಡಿ, ಒಂದೊಂದು ಚೌಕಕ್ಕೂ ಒಂದೊಂದು ವಿಷಯ ಇಟ್ಟು, ಯಾವುದು ಯಾವುದಕ್ಕೆ ಸಂಬಂಧ ಅಂತ ಬೆರಳಿಂದ ಮುಟ್ಟಿ ಯೋಚನೆ ಮಾಡ್ತಿದ್ದನಂತೆ. ಊರು, ಕೆಲಸ, ಜನ ಈ ಮೂರನ್ನ ಬಿಡಿಬಿಡಿಯಾಗಿ ನೋಡಬಾರದು ಅನ್ನೋದು ಆತ ಜೀವನಪೂರ್ತಿ ಹಿಡಿದ ಹಟ.

1886ರಲ್ಲಿ ಆನಾ ಮಾರ್ಟನ್‌ಳನ್ನ ಮದುವೆಯಾದ. ಹೊಸ ದಂಪತಿ ಮನೆ ಮಾಡಿದ್ದು ಎಲ್ಲಿ ಅಂದ್ರೆ ಎಡಿನ್‌ಬರೋದ ಹಳೇ ಪೇಟೆಯಲ್ಲಿ, ಆ ಕಾಲಕ್ಕೆ ಕೊಳೆಗೇರಿ ಆಗಿದ್ದ ಜೇಮ್ಸ್ ಕೋರ್ಟ್ ಅನ್ನೋ ಕಟ್ಟಡದಲ್ಲಿ. ಅನುಕೂಲಸ್ಥರೆಲ್ಲ ಆಗಲೇ ಹೊಸ ಬಡಾವಣೆಗೆ ಹೋಗಿದ್ರು. ಇವರಿಬ್ಬರು ಅಕ್ಕಪಕ್ಕದವರ ಜತೆ ಸೇರಿ ಗೋಡೆಗೆ ಸುಣ್ಣ ಬಣ್ಣ, ಕಿಟಕಿಗೆ ಹೂವಿನ ಕುಂಡ, ಅಂಗಳ ಸ್ವಚ್ಛ ಅಂತ ಶುರು ಮಾಡಿದ್ರು. ಬಿದ್ದೇ ಹೋಗೋ ಹಂತದಲ್ಲಿದ್ದ ಮನೆ ಮಾತ್ರ ಕೆಡವೋದು, ಉಳಿದದ್ದು ರಿಪೇರಿ. ಕೆಡವಿದ ಜಾಗ ಅಂಗಳಕ್ಕೆ, ಮಕ್ಕಳ ಆಟಕ್ಕೆ. ಇದಕ್ಕೆ ಆತ ಮುಂದೆ ವೈದ್ಯರ ಭಾಷೆಯಲ್ಲಿ ಹೆಸರಿಟ್ಟ: ಕನ್ಸರ್ವೇಟಿವ್ ಸರ್ಜರಿ. ಕೈ ನೋವು ಅಂದ ತಕ್ಷಣ ಕೈಯನ್ನೇ ಕಡಿಯೋದಲ್ಲ, ಕೆಟ್ಟ ಭಾಗ ಎಷ್ಟೋ ಅಷ್ಟಕ್ಕೇ ಕತ್ತರಿ.

ಸಾಫ್ಟ್‌ವೇರಿನವರಿಗೆ ಇದು ಒಂದೇ ಸಾಲಿನಲ್ಲಿ ಅರ್ಥ ಆಗುತ್ತೆ. ಫುಲ್ ರೀರೈಟ್ ಬೇಡ, ರಿಫ್ಯಾಕ್ಟರ್ ಮಾಡು. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಹನ್ನೆರಡು ವರ್ಷದ ಹಳೇ ಕೋಡ್ ಎಸೆದು ಎಲ್ಲ ಹೊಸದಾಗಿ ಬರೆಯೋಣ ಅಂತ ಹೊರಟೆವು. ಒಂದೂವರೆ ವರ್ಷ ಆದ ಮೇಲೆ ಗೊತ್ತಾಯ್ತು, ಹಳೇ ಕೋಡಿನಲ್ಲಿ ‘ಇದ್ಯಾಕಪ್ಪ ಇಲ್ಲಿ’ ಅಂತ ನಗಾಡಿದ್ದ ಒಂದೊಂದು ಇಫ್-ಎಲ್ಸಿಗೂ ಯಾವುದೋ ಒಬ್ಬ ಗ್ರಾಹಕನ ನಿಜವಾದ ತೊಂದರೆ ಕಾರಣ ಅಂತ. ಅವನ್ನೆಲ್ಲ ಒಂದೊಂದಾಗಿ ವಾಪಸ್ ಸೇರಿಸಿದೆವು.

ಗೆಡ್ಡಿಸ್ ಭಾರತಕ್ಕೆ ಬಂದಿದ್ದು 1914ರಲ್ಲಿ, ಅರವತ್ತನೇ ವಯಸ್ಸಿನಲ್ಲಿ. ನಮ್ಮ ಕಡೆ ಆ ವಯಸ್ಸಿಗೆ ಜಗಲಿ ಮೇಲೆ ಕೂರ್ತಾರೆ. ಊರುಗಳ ಬಗ್ಗೆ ಆತ ಮಾಡಿದ್ದ ದೊಡ್ಡ ಪ್ರದರ್ಶನದ ನಕ್ಷೆ, ಚಿತ್ರ, ಮಾದರಿ ಎಲ್ಲ ‘ಕ್ಲಾನ್ ಗ್ರಾಂಟ್’ ಅನ್ನೋ ಹಡಗಿನಲ್ಲಿ ಬರ್ತಿದ್ದವು. ಯುದ್ಧ ಶುರುವಾಗಿತ್ತು. ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನ ಮೇಲೆ ಗುಂಡು ಹಾರಿಸಿದ್ದ ಅದೇ ಜರ್ಮನ್ ಯುದ್ಧನೌಕೆ ಎಂಡೆನ್, ಅಕ್ಟೋಬರಿನಲ್ಲಿ ಈ ಹಡಗನ್ನ ಮುಳುಗಿಸಿಬಿಡ್ತು. ಗೆಡ್ಡಿಸ್ ಬೇರೆ ಹಡಗಿನಲ್ಲಿದ್ದರಿಂದ ಬಚಾವ್. ಇಡೀ ಜೀವನದ ಸಾಮಗ್ರಿ ಸಮುದ್ರದ ಪಾಲು, ಬ್ಯಾಕಪ್ ಇಲ್ಲ. ಗೆಳೆಯರು ಮತ್ತೆ ನಕ್ಷೆ, ಚಿತ್ರ ಒಟ್ಟು ಮಾಡಿ ಕಳಿಸಿದ್ರು. 1915ರ ಜನವರಿಯಲ್ಲಿ ಮದ್ರಾಸಿನಲ್ಲಿ ಪ್ರದರ್ಶನ ನಡೆದೇ ನಡೀತು.

ಆಗ ಆತ ಮದ್ರಾಸ್ ಪ್ರಾಂತ್ಯದ ಊರೂರು ಸುತ್ತಿ ವರದಿ ಬರೆದ. ಅದರಲ್ಲಿ ನಮ್ಮ ಬಳ್ಳಾರಿಯೂ ಇದೆ. ಬಳ್ಳಾರಿ 1953ರವರೆಗೆ ಮೈಸೂರಿಗೆ ಸೇರಿರಲಿಲ್ಲ ಅನ್ನೋದು ಎಷ್ಟೋ ಜನಕ್ಕೆ ಮರೆತೇಹೋಗಿದೆ. ಆ ಕಾಲಕ್ಕೆ ಎಲ್ಲ ಊರಿನ ದೊಡ್ಡ ಭಯ ಪ್ಲೇಗ್. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಮೇಲೆ ತಾನೇ ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು. ಮೈಸೂರಿನಲ್ಲಿ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬಂದಿದ್ದೂ ಆ ಗಾಳಿಯಲ್ಲೇ. ಹೊಸ ಬಡಾವಣೆ ಕಟ್ಟಿದ್ದು ಒಳ್ಳೇದೇ. ಆದರೆ ಹಳೇ ಪೇಟೆಗಳಿಗೆ ಎಂಜಿನಿಯರುಗಳ ಹತ್ತಿರ ಇದ್ದ ಔಷಧ ಒಂದೇ: ಸ್ಕೇಲ್ ಇಟ್ಟು ಗೆರೆ ಎಳೆ, ಗೆರೆಗೆ ಸಿಕ್ಕಿದ ಮನೆ ಕೆಡವು, ನೇರ ರಸ್ತೆ ಮಾಡು.

ಗೆಡ್ಡಿಸ್ ಕೇಳಿದ ಪ್ರಶ್ನೆ ಸರಳ. ಆ ಮನೆಯವರು ಎಲ್ಲಿಗೆ ಹೋದ್ರು? ಪಕ್ಕದ ಗಲ್ಲಿಗೆ. ಮೊದಲೇ ಇಕ್ಕಟ್ಟಾಗಿದ್ದ ಗಲ್ಲಿ ಇನ್ನಷ್ಟು ಇಕ್ಕಟ್ಟು, ಬಾಡಿಗೆ ಜಾಸ್ತಿ, ಕಾಯಿಲೆಯೂ ಅವರ ಜತೆಗೇ ಹೋಯ್ತು. ಕಾಗದದ ಮೇಲೆ ಮಾತ್ರ ಊರು ಶುದ್ಧ. ಆದ್ದರಿಂದ ಆತ ಮೊದಲು ನಡೀತಿದ್ದ. ಕೈಯಲ್ಲಿ ಆ ಊರಿನ ನಕ್ಷೆ ಹಿಡಿದು ಬಿಸಿಲಲ್ಲಿ ಗಲ್ಲಿ ಗಲ್ಲಿ ಸುತ್ತಿ, ಯಾವ ಮನೆ ಬಿದ್ದಿದೆ, ಬಾವಿ ಎಲ್ಲಿದೆ, ಮರದ ಕೆಳಗೆ ಯಾರು ಕೂರ್ತಾರೆ, ಗುಡಿ ಮುಂದೆ ಎಷ್ಟು ಜಾಗ ಬೇಕು ಎಲ್ಲ ಗುರುತು ಹಾಕ್ತಿದ್ದ. ಅಷ್ಟಾದ ಮೇಲೇ ಪೆನ್ಸಿಲ್. ಅಂಗಳದ ತುಳಸಿ ಕಟ್ಟೆ ನೋಡಿದ್ರೆ ಆತನಿಗೆ ಎಲ್ಲಿಲ್ಲದ ಖುಷಿ.

ನನ್ನನ್ನ ಹಿಡಿದು ನಿಲ್ಲಿಸಿದ್ದು ಕೆರೆಯ ವಿಷಯ. ಮಲೇರಿಯಾ ಸೊಳ್ಳೆಯಿಂದ ಬರುತ್ತೆ ಅಂತ ಗೊತ್ತಾಗಿದ್ದ ಹೊಸದು. ನೀರು ನಿಂತ ಕಡೆಯೆಲ್ಲ ಮಣ್ಣು ತುಂಬಿ ಅನ್ನೋದು ಆರೋಗ್ಯಾಧಿಕಾರಿಗಳ ಆರ್ಡರ್. ಗೆಡ್ಡಿಸ್ ಅದಕ್ಕೆ ಅಡ್ಡ ನಿಂತ. ಕೆರೆ ಕುಂಟೆ ಮುಚ್ಚಬೇಡಿ, ಹೂಳು ತೆಗೀರಿ, ಮೀನು ಬಿಡಿ, ಬಾತುಕೋಳಿ ಬಿಡಿ, ಅವು ಸೊಳ್ಳೆ ಮರಿ ತಿನ್ನುತ್ವೆ ಅಂತ ವರದಿ ಮೇಲೆ ವರದಿಯಲ್ಲಿ ಬರೆದ. ಕೆರೆ ಊರನ್ನ ತಂಪಾಗಿಡುತ್ತೆ, ಮಳೆ ಬಂದಾಗ ನೀರಿಗೆ ಜಾಗ ಕೊಡುತ್ತೆ ಅಂತಲೂ. ಸಸ್ಯಶಾಸ್ತ್ರದವನಿಗೆ ಹೊಳೆದದ್ದು ಸ್ಕೇಲ್ ಹಿಡಿದವರಿಗೆ ಹೊಳೀಲಿಲ್ಲ. ನೂರು ವರ್ಷ ಆದ ಮೇಲೆ ಸ್ಕೇಲ್ ಹಿಡಿದ ನನಗೂ ಹೊಳೀಲಿಲ್ಲ ಅನ್ನೋದು ಬೇರೆ ಮಾತು.

ಒಂದು ಇಂದೋರಿನ ಕಥೆ ಹೇಳಲೇಬೇಕು. ಆತನ ಇಂದೋರ್ ವರದಿ 1918ರದ್ದು. ನಕ್ಷೆ ಹಿಡಿದ ಬಿಳಿ ಗಡ್ಡದ ದೊರೆ ಬೀದಿಗೆ ಬಂದ ಅಂದ್ರೆ ಮನೆ ಕೆಡವೋಕೇ ಬಂದ ಅಂತ ಜನ ಹೆದರಿ ಬಾಗಿಲು ಹಾಕ್ಕೊಳ್ತಿದ್ರಂತೆ. ಗೆಡ್ಡಿಸ್ ಮಹಾರಾಜರ ಹತ್ತಿರ ಹೋಗಿ, ಒಂದು ದಿನ ನನ್ನನ್ನ ಮಹಾರಾಜ ಮಾಡಿ ಅಂತ ಕೇಳಿದ. ದೀಪಾವಳಿಗೆ ದೊಡ್ಡ ಮೆರವಣಿಗೆ ಮಾಡ್ತೀನಿ, ಆದರೆ ಅದು ಮಾಮೂಲಿ ದಾರಿಯಲ್ಲಿ ಹೋಗಲ್ಲ. ಯಾವ ಬೀದಿಯವರು ಹೆಚ್ಚು ಮನೆ ಗುಡಿಸಿ ಸಾರಿಸಿ ರಿಪೇರಿ ಮಾಡ್ಕೊಂಡಿರ್ತಾರೋ ಆ ಬೀದಿಯಲ್ಲಿ ಹೋಗುತ್ತೆ ಅಂತ ಡಂಗುರ. ಕಸ ಸಾಗಿಸೋದು ಪುಕ್ಕಟೆ. ಇಡೀ ಊರಿಗೆ ಊರೇ ಪೊರಕೆ ಹಿಡೀತು. ಮೆರವಣಿಗೆಯಲ್ಲಿ ಪ್ಲೇಗಿನ ಗುರುತಾಗಿ ರಾಕ್ಷಸ ಗಾತ್ರದ ಇಲಿ, ಕೊಳಕಿನ ದೈತ್ಯ. ಅದರ ಹಿಂದೆ ಹೊಸ ಬಿಳಿ ಬಟ್ಟೆ, ಹೂವಿನ ಹಾರ ಹಾಕ್ಕೊಂಡ ಪೌರಕಾರ್ಮಿಕರು. ಕೊನೆಗೆ ಇಲಿ, ದೈತ್ಯ ಎರಡಕ್ಕೂ ಬೆಂಕಿ. ನಮ್ಮೂರ ಗಣೇಶನ ಮೆರವಣಿಗೆ ಸಮಿತಿಗೆ ಈ ಐಡಿಯಾ ಕೊಡಬೇಕು ಅಂತಿದ್ದೀನಿ. ಡಿಜೆ ಬಾಡಿಗೆ ಆದ್ರೂ ಉಳಿಯುತ್ತೆ.

ಗೆಡ್ಡಿಸ್ ಆರ್ಕಿಟೆಕ್ಟ್ ಅಲ್ಲ. ಚೆಂದದ ಡ್ರಾಯಿಂಗ್ ಬೇಕಾದಾಗ ಎಷ್ಟೋ ಸಲ ಅಳಿಯ ಫ್ರಾಂಕ್ ಮಿಯರ್ಸ್ ಇದ್ದ. ಆತ ಸ್ಕಾಟ್ಲೆಂಡಿನಲ್ಲಿ ಹೆಸರು ಮಾಡಿದ ಆರ್ಕಿಟೆಕ್ಟು, ನಗರ ಯೋಜಕ. ಎಡಿನ್‌ಬರೋದ ಝೂ ರೂಪಿಸಿದ್ದು ಮಾವ, ಮಗಳು, ಅಳಿಯ ಸೇರಿಯೇ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಯೋಜನೆಗೂ ಮಾವ ಅಳಿಯ ಕೂಡಿ ದುಡಿದ್ರು. 1925ರಲ್ಲಿ ಟೆಲ್ ಅವೀವ್ ಊರಿಗೆ ಗೆಡ್ಡಿಸ್ ಕೊಟ್ಟ ನಕ್ಷೆಯ ಮೇಲೆ ಆ ಊರು ಬೆಳೀತು. ಆದರೆ ಭಾರತಕ್ಕೆ ಬರೆದ ಹತ್ತಾರು ವರದಿಗಳಲ್ಲಿ ಹೆಚ್ಚಿನವು ಕಪಾಟು ಸೇರಿದವು. ಮಾತು ಜಾಸ್ತಿ, ಒಂದರಿಂದ ಇನ್ನೊಂದಕ್ಕೆ ಹಾರ್ತಿದ್ದ, ಅಧಿಕಾರಿಗಳಿಗೆ ತಾಳ್ಮೆ ಇರಲಿಲ್ಲ.

ಆತನ 1917ನೇ ಇಸವಿ ಮಾತ್ರ ಯಾರಿಗೂ ಬೇಡ. ಏಪ್ರಿಲಿನಲ್ಲಿ ದೊಡ್ಡ ಮಗ ಅಲಸ್ಟೇರ್ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಸತ್ತ. ಸುದ್ದಿ ಬಂದಾಗ ಆನಾ ಇಲ್ಲಿ ಭಾರತದಲ್ಲಿ ಜ್ವರದಿಂದ ಮಲಗಿದ್ದಳು. ಗೆಡ್ಡಿಸ್ ಅವಳಿಗೆ ಹೇಳಲಿಲ್ಲ. ಮಗನ ಹಳೇ ಕಾಗದಗಳನ್ನೇ ಹೊಸದಾಗಿ ಬಂದವು ಅನ್ನೋ ಹಾಗೆ ಓದಿ ಹೇಳ್ತಿದ್ದ. ಜೂನಿನಲ್ಲಿ ಅವಳೂ ಕಲ್ಕತ್ತಾದಲ್ಲಿ ತೀರಿಕೊಂಡಳು. ಮಾರನೇ ವರ್ಷದ ಇಂದೋರ್ ವರದಿ ಓದುವಾಗ ಅದು ನೆನಪಿನಲ್ಲಿರಬೇಕು. ತುಳಸಿ, ಬಾವಿ, ಬಾತುಕೋಳಿ ಅಂತ ಅಷ್ಟು ಉತ್ಸಾಹದಲ್ಲಿ ಬರೆದವನು ಆಗಷ್ಟೇ ಎರಡು ಸಾವು ಕಂಡವನು. ಮುಂದೆ 1919ರಿಂದ 1924ರವರೆಗೆ ಬಾಂಬೆ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಕಲಿಸಿ, ಕೊನೆಗೆ 1932ರಲ್ಲಿ ಫ್ರಾನ್ಸಿನ ಮಾಂಪೆಲಿಯೆಯಲ್ಲಿ ತೀರಿಕೊಂಡ.

ಮೈಸೂರು ಸೀಮೆಗೆ ಇಂಥ ಒಬ್ಬ ಸಿಗಲಿಲ್ವಾ ಅಂದ್ರೆ, ಸ್ವಲ್ಪ ತಡವಾಗಿ ಸಿಕ್ಕ. ಹಿಟ್ಲರನ ಕಾಲದಲ್ಲಿ ಬರ್ಲಿನ್ನಿಂದ ಹೊರಬಿದ್ದ ಯಹೂದಿ ಆರ್ಕಿಟೆಕ್ಟ್ ಒಟ್ಟೊ ಕೋನಿಗ್ಸ್‌ಬರ್ಗರ್. ಆತನ ಸೋದರಮಾವ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸಿ.ವಿ. ರಾಮನ್ ಕರೆಸಿದ್ದಕ್ಕೆ ಬೆಂಗಳೂರಿಗೆ ಬಂದು ಇದ್ದು, 1936ರಲ್ಲಿ ಗೆಡ್ಡಿಸನ ಎಡಿನ್‌ಬರೋಗೇ ಪ್ರೊಫೆಸರಾಗಿ ಹೋದವರು. ಸೋದರಳಿಯ 1939ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಕಾಲದಲ್ಲಿ ಮೈಸೂರು ಸರ್ಕಾರದ ಆರ್ಕಿಟೆಕ್ಟ್ ಆದ. ಟಾಟಾ ಇನ್‌ಸ್ಟಿಟ್ಯೂಟಿನ ಏರೋನಾಟಿಕ್ಸ್ ವಿಭಾಗದ ಕಟ್ಟಡ ಆತನದು. ಮುಂದೆ ಭುವನೇಶ್ವರದ ನಕ್ಷೆ ಮಾಡಿದ್ದೂ ಆತನೇ. ಅವನ ಕಥೆ ಇನ್ನೊಂದು ಕಂತಿಗೆ ಇಟ್ಟಿರ್ತೀನಿ.

ನಮ್ಮ ಎರಡು ಎಕರೆಗೆ ಬರೋಣ.

ಮುಂದಿನ ಶನಿವಾರ ಲ್ಯಾಪ್‌ಟಾಪ್ ತೆಗೀಲಿಲ್ಲ. ಬೆಳಿಗ್ಗೆ ಆರಕ್ಕೆ ಅಪ್ಪನಿಗೆ, “ನಡೀರಿ, ಒಂದು ಸುತ್ತು ಹಾಕ್ಕೊಂಡು ಬರೋಣ” ಅಂದೆ. ಅಪ್ಪ ಒಂಥರಾ ನೋಡಿದ್ರು. ಎಂಜಿನಿಯರಿಂಗ್ ಸೇರಿದ ಮೇಲೆ ನಾನು ತೋಟಕ್ಕೆ ಹೋಗೋದು ಎಳನೀರು ಬೇಕಾದಾಗ, ಇಲ್ಲಾಂದ್ರೆ ಫ್ರೆಂಡ್ಸ್ ಬಂದಾಗ ಫೋಟೋಗೆ.

84 ಮರ ಇದಾವೆ. ಅಪ್ಪನಿಗೆ ಅಷ್ಟೂ ಮರದ ಜಾತಕ ಗೊತ್ತು. ಇವು ತಾತ ಹಾಕಿದ್ದು, ಇದು ಅಮ್ಮ ಮದುವೆಯಾಗಿ ಬಂದ ವರ್ಷ, ಇದಕ್ಕೆ ಸಿಡಿಲು ಬಡೀಬೇಕಿತ್ತು ಪಕ್ಕದ್ದಕ್ಕೆ ಬಡೀತು. ಉಪಗ್ರಹ ಚಿತ್ರದಲ್ಲಿ ಇವೆಲ್ಲ ಒಂದೇ ಥರದ ಹಸಿರು ನಕ್ಷತ್ರ. ನೆಲ ಸಮ ಇದೆ ಅಂದ್ಕೊಂಡಿದ್ದೆ, ಇಲ್ಲ. ರಸ್ತೆ ಮೋರಿಯಿಂದ ನೀರು ಒಂದು ಸಣ್ಣ ಹಳ್ಳ ಹಿಡಿದು ಇಳಿದು ಗೋಕಟ್ಟೆಗೆ ಬರುತ್ತೆ. ಕಟ್ಟೆ ತುಂಬಿದ್ರೆ ಕೋಡಿ ಹರಿದು ಹೋಗೋದು ಚಿಕ್ಕಪ್ಪನ ತೋಟಕ್ಕೆ. ಬೇಸಿಗೆಯಲ್ಲಿ ಹಟ್ಟಿ ಕಡೆಯ ಕುರಿ ಮೇಕೆ ನೀರು ಕುಡಿಯೋದು ಇಲ್ಲೇ. ಓಣಿಯ ಗಣೇಶನ್ನ ಬಿಡೋದೂ ಇಲ್ಲೇ. ಕಟ್ಟೆ ಇರೋದು ಪೂರ್ತಿ ನಮ್ಮ ಹಿಡುವಳಿಯಲ್ಲಿ. ಪಹಣಿಯಲ್ಲಿ ಅದು ನೀರಿನ ಜಾಗ ಅಂತ ಎಲ್ಲೂ ಇಲ್ಲ. ಮುಚ್ಚಿದ್ರೆ ಕೇಳೋರು ಯಾರೂ ಇಲ್ಲ. ಅದೇ ತೊಂದರೆ.

ಇನ್ನೊಂದು ಗೊತ್ತಾಯ್ತು. ಚಿಕ್ಕಪ್ಪ ತಮ್ಮ ತೋಟದ ಕಾಯಿ ಹೊರಗೆ ಸಾಗಿಸೋದು ನಮ್ಮ ಜಮೀನಿನ ಮಧ್ಯದ ಬಂಡಿ ಜಾಡಿನಲ್ಲಿ. ಭಾಗ ಆದಾಗ ಅಣ್ಣ ತಮ್ಮ ಬಾಯಿ ಮಾತಲ್ಲಿ ಮಾಡ್ಕೊಂಡ ಏರ್ಪಾಡು, ಕಾಗದ ಇಲ್ಲ. ನನ್ನ ನಕ್ಷೆಯಲ್ಲಿ ಆ ಜಾಡಿನ ಮೇಲೆ 12ನೇ ನಂಬರ್ ಸೈಟು ಕೂತಿತ್ತು.

ನಾವು ಕಟ್ಟೆ ಏರಿ ಮೇಲೆ ನಿಂತಿದ್ದಾಗ ಬೇಲಿ ಆಚೆಯಿಂದ ಚಿಕ್ಕಪ್ಪನೇ ಕಂಡರು. ನಾಲ್ಕು ತಿಂಗಳಿಂದ ನಮ್ಮ ಮನೆಗೆ ಬಂದಿರಲಿಲ್ಲ. ಯಾಕೆ ಅಂತ ಅಮ್ಮನಿಗೂ ಗೊತ್ತಿರಲಿಲ್ಲ, ಅಥವಾ ಗೊತ್ತಿತ್ತು.

“ಏನ್ಲಾ ಇಂಜಿನಿಯರಪ್ಪ, ಅಳತೆ ಮಾಡಕ್ಕೆ ಬಂದ್ಯಾ?”

“ಇಲ್ಲ ಚಿಕ್ಕಪ್ಪ, ನೋಡೋಕೆ ಬಂದೆ.”

ಅವರು ಬೇಲಿ ದಾಟಿ ಬರಲಿಲ್ಲ. ಅಲ್ಲಿಂದಲೇ ಅಂದ್ರು: “ನಿಮ್ಮಪ್ಪನ ಸಾಲ ನಂಗೂ ಗೊತ್ತು ಕಣಪ್ಪ. ಮಾರಬ್ಯಾಡಿ ಅನ್ನಕ್ಕೆ ನಾನ್ಯಾರು. ಕಟ್ಟೆ ಮುಚ್ಚಿದ್ರೆ ನನ್ನ ಬಾವಿ ಒಣಗ್ತದೆ. ಆಮೇಲೆ ನಾನೂ ಸೈಟ್ ಮಾಡ್ಬೇಕು. ಅಷ್ಟೆ.”

ಅಪ್ಪ ಕೋಡಿ ಕಡೆ ನೋಡ್ತಾ ನಿಂತಿದ್ರು.

ಅವತ್ತು ರಾತ್ರಿ ಕೂತು ನಕ್ಷೆ ಮತ್ತೆ ಬರೆದೆ. ಎರಡು ಗಂಟೆ ಅಲ್ಲ, ಎರಡು ವಾರದ ರಾತ್ರಿಗಳು ಹಿಡೀತು. ಬಂಡಿ ಜಾಡನ್ನೇ ಲೇಔಟಿನ ಮುಖ್ಯ ರಸ್ತೆ ಮಾಡಿದೆ. ಅದು ಚಿಕ್ಕಪ್ಪನ ಬೇಲಿ ತನಕ ಹೋಗುತ್ತೆ, ಅವರಿಗೆ ದಾರಿಯೂ ಆಯ್ತು, ಇನ್ನು ಮೇಲೆ ಕಾಗದದಲ್ಲೂ ಇರುತ್ತೆ. ರಸ್ತೆ ಕಟ್ಟೆ ಏರಿಯ ಪಕ್ಕದಲ್ಲಿ ಸ್ವಲ್ಪ ಬಾಗುತ್ತೆ. ಪಾರ್ಕಿಗೆ ಅಂತ ಹೇಗಿದ್ರೂ ಬಿಡಲೇಬೇಕಾದ ಜಾಗವನ್ನ ಮೂಲೆಯಿಂದ ತಂದು ಕಟ್ಟೆಗೆ ಅಂಟಿಸಿದೆ. ಹಳ್ಳ ಹಾಗೇ ಇರುತ್ತೆ, ರಸ್ತೆ ಕೆಳಗೆ ಒಂದು ಮೋರಿ. ಮೊದಲನೇ ನಕ್ಷೆಯಲ್ಲಿ ಒಂದು ಮರವೂ ಉಳೀತಿರಲಿಲ್ಲ. ಇದರಲ್ಲಿ ಪಾರ್ಕು, ಏರಿ, ರಸ್ತೆ ಬದಿ ಸೇರಿ 29 ಮರ ನಿಲ್ಲುತ್ವೆ. ಸೈಟು 38 ಇದ್ದದ್ದು 33.

ಲೇಔಟ್ ಮಾಡಿಕೊಡ್ತೀವಿ ಅಂತ ಬಂದಿದ್ದವರು ಹೊಸ ನಕ್ಷೆಯನ್ನ ಫೋನಿನಲ್ಲಿ ಹತ್ತು ಸೆಕೆಂಡ್ ನೋಡಿದ್ರು.

“ರೋಡ್ ಯಾಕೆ ಸೊಟ್ಟಗೈತೆ ಸಾರ್?”

“ಅಲ್ಲಿ ಏರಿ ಇದೆ.”

“ಏರಿ ತೆಗೀಬೋದಲ್ಲ. ಸೊಟ್ಟ ರೋಡಾದ್ರೆ ಈ ನಾಲ್ಕು ಸೈಟು ಮೂಲೆ ಮುರ್ಕೊಂಡ್ ಬತ್ತವೆ, ವಾಸ್ತು ನೋಡೋರು ಮುಟ್ಟಲ್ಲ. ಹಳೇ ನಕ್ಷೆನೇ ಚೆನ್ನಾಗಿತ್ತು. ಯಾರು ಹಾಕಿದ್ದು ಅದನ್ನ?”

ನಾನೇ ಅಂದೆ. “ಸೂಪರ್ ಸಾರ್” ಅಂದ್ರು. ಆಮೇಲೆ ಹೊಸ ನಕ್ಷೆಗೆ ಅವರು ಹೇಳಿದ ಲೆಕ್ಕ ಬೇರೆಯೇ ಆಗಿತ್ತು. ಐದು ಸೈಟು ಕಮ್ಮಿ, ಮೂಲೆ ಮುರಿದ ನಾಲ್ಕಕ್ಕೆ ಅರ್ಧ ರೇಟು, ಮೋರಿ ಖರ್ಚು ನಮ್ಮದು. ಅಪ್ಪ ಒಳಗೆ ಹೋಗಿ ಕ್ಯಾಲೆಂಡರ್ ಹಿಂದೆ ಪೆನ್ನಲ್ಲಿ ಕೂಡಿ ಕಳೆದು ನೋಡಿದ್ರು. ಬೋರ್‌ವೆಲ್ ಸಾಲ ತೀರುತ್ತೆ. ತಂಗಿಯ ಓದಿನ ಸಾಲ ಅರ್ಧ ಉಳಿಯುತ್ತೆ. ನಾನು ನನ್ನ ಸಂಬಳದಲ್ಲಿ ಕಟ್ಟಬಹುದು, ಇನ್ನೂ ನಾಲ್ಕು ವರ್ಷ. ಬೆಂಗಳೂರಿನಲ್ಲಿ ಫ್ಲ್ಯಾಟಿಗೆ ಅಂತ ಕೂಡಿಸ್ತಿದ್ದ ದುಡ್ಡು ಅದು. ಸುಳ್ಳು ಯಾಕೆ ಹೇಳಲಿ, ಆ ರಾತ್ರಿ ಹಳೇ ಫೈಲು ಇನ್ನೊಂದು ಸಲ ತೆಗೆದು ನೋಡಿದೆ. 38 ಸೈಟು ಸಾಲಾಗಿ, ಚೆಂದಾಗಿ ನಿಂತಿದ್ವು.

ಅಪ್ಪ ಆ ಪಾರ್ಟಿಗೆ ‘ಯೋಚನೆ ಮಾಡಿ ಹೇಳ್ತೀನಿ’ ಅಂದಿದ್ದಾರೆ. ಇನ್ನೂ ಹೇಳಿಲ್ಲ. ಇನ್ನಿಬ್ಬರನ್ನ ಕೇಳಿ ನೋಡ್ತಿದ್ದೀವಿ. ಭೂಪರಿವರ್ತನೆಗೆ ಅರ್ಜಿ ಮಾತ್ರ ಹಾಕಿ ಆಯ್ತು.

ಹೋದ ವಾರ ನಾನು ಊರಲ್ಲಿದ್ದಾಗ ಸಂಜೆ ಏಳಕ್ಕೆ ಚಿಕ್ಕಪ್ಪ ಬಂದ್ರು. ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ್ರು. ಅಮ್ಮ ಏನೂ ಆಗೇ ಇಲ್ಲ ಅನ್ನೋ ಹಾಗೆ ಕಾಫಿ ತಂದಿಟ್ಟಳು. “ಅದೇನೋ ಹೊಸದು ಬರ್ದಿದ್ದೀಯಂತಲ್ಲ, ತೋರ್ಸು” ಅಂದ್ರು. ಎ3 ಪ್ರಿಂಟ್ ತಂದು ಟೀಪಾಯಿ ಮೇಲೆ ಹರಡಿದೆ. ಕಾಫಿ ಆರೋ ತನಕ ನೋಡಿದ್ರು. ಬಂಡಿ ಜಾಡಿನ ಮೇಲೆ ಬೆರಳಿಟ್ಟು ಬೇಲಿ ತನಕ ಎಳೆದರು, ಏನೂ ಅನ್ನಲಿಲ್ಲ. ಆಮೇಲೆ 9ನೇ ಸೈಟಿನ ಮೇಲೆ ಬೆರಳು ನಿಂತಿತು.

“ಇದು ತಪ್ಪು. ಹಸ್ತ ಚಿತ್ತ ಜೋರಾಗಿ ಹುಯ್ದಾಗ ಇಲ್ಲಿಂದಲೂ ನೀರು ಬತ್ತದೆ. ಹಳೇ ಕಾಲುವೆ ಐತೆ, ಲಂಟಾನ ಬೆಳ್ಕೊಂಡು ಮುಚ್ಚೋಗೈತೆ. ಅಣ್ಣಂಗೂ ಮರ್ತೋಗಿರ್ಬೇಕು.”

ಅಪ್ಪ ನಕ್ಷೆ ಮೇಲೆ ಬಗ್ಗಿದ್ರು. “ಹೌದಲ್ಲೋ” ಅಂದ್ರು.

ಹಾಗಾದ್ರೆ 32 ಅಂತ ನಾನು ಮನಸ್ಸಲ್ಲೇ ಲೆಕ್ಕ ಹಾಕಿದೆ. ಚಿಕ್ಕಪ್ಪ ಎದ್ದು ನಿಂತು, “ಬಾ, ತೋರುಸ್ತೀನಿ” ಅಂದ್ರು. ಕತ್ತಲಾಗಿತ್ತು. ಅಪ್ಪ ಗೂಡಿನಿಂದ ಬ್ಯಾಟರಿ ತಗೊಂಡ್ರು, ಮೂವರೂ ಚಪ್ಪಲಿ ಮೆಟ್ಕೊಂಡು ಹೊರಟೆವು.